ನಾಲ್ಕು ಮೀಟರಿನ ಒಳಗೆ

ಜನವರಿ. ಬೆಳಗಿನ ಏಳೂಕಾಲು.
ಕೆರ್ಕಿನಿ ಸರೋವರದ ಮಂಜು
ಇನ್ನೂ ಹಾಸಿಗೆ ಬಿಟ್ಟು ಎದ್ದಿಲ್ಲ.
ನನ್ನ ದೋಣಿಗೆ ಐವರು ಹತ್ತುತ್ತಾರೆ,
ಅವರಿಗಿಂತ ಮೊದಲು ಅವರ ಲೆನ್ಸುಗಳು,
ಹಸುಗೂಸನ್ನು ದಾಟಿಸುವಂತೆ ಕೈಯಿಂದ ಕೈಗೆ.

ಬೆಲ್ಜಿಯಮ್ಮಿನ ದಂತವೈದ್ಯರದು ಆರುನೂರು ಮಿಲಿಮೀಟರ್,
ಬಿಳಿ ಬಣ್ಣ, ನನ್ನ ತೊಡೆಯಷ್ಟು ದಪ್ಪ.
ಬೆಲೆ ಕೇಳಬಾರದಿತ್ತು, ಕೇಳಿದೆ.
ದೋಣಿ, ಅದರ ಮೋಟಾರು, ಬಲೆ,
ಭಾವಮೈದುನನ ಮೂರು ಎಮ್ಮೆ, ಎಲ್ಲ ಮಾರಿದರೂ
ಮುಂದಿನ ಮುಚ್ಚಳಕ್ಕೆ ದುಡ್ಡು ಸಾಲದು.

ಪ್ಲೊವ್‌ಡಿವ್‌ನ ಅಣ್ಣತಮ್ಮಂದಿರದು
ನೂರೈವತ್ತರಿಂದ ಆರುನೂರಕ್ಕೆ ಚಾಚುವುದು,
ಮಧ್ಯಮ ದರ, ಕಂತು ಇನ್ನೂ ಮುಗಿದಿಲ್ಲ.
ಸರದಿಯ ಮೇಲೆ ನೋಡುತ್ತಾರೆ,
ಸರದಿ ಇಲ್ಲದೆ ಜಗಳವಾಡುತ್ತಾರೆ.
ಇನ್ನೊಬ್ಬ ಬಾಡಿಗೆಗೆ ತಂದವನು.
ಹಕ್ಕಿಗಿಂತ ಗಡಿಯಾರ ನೋಡಿದ್ದೇ ಹೆಚ್ಚು.

ಮೂಲೆಯಲ್ಲಿ ಎವಾಂಥಿಯಾ, ಸೆರೆಸ್ ಪೇಟೆಯ ಬೇಕರಿಯವಳು,
ಉಗುರಿನ ಸಂದಿಯಲ್ಲಿ ಹಿಟ್ಟು.
ಅವಳದು ಹಳೇ ಎಪ್ಪತ್ತು–ಮುನ್ನೂರು.
ಒಳಗಾಜಿನಲ್ಲಿ ಬೂಷ್ಟಿನ ಸಣ್ಣ ನಕ್ಷತ್ರ,
ಎಳೆದರೆ ಎಣ್ಣೆ ಕಾಣದ ಬಾಗಿಲಿನ ಕಿರುಗು,
ಜೋತುಬೀಳದಿರಲೆಂದು ರಬ್ಬರ್ ಬ್ಯಾಂಡು.
ತೊಂಬತ್ತು ಯೂರೋ, ಅದರಲ್ಲೂ ಹತ್ತು ಬಾಕಿ.

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ,
ದಂತವೈದ್ಯರು ಒಮ್ಮೆ ನನಗೂ ಕಣ್ಣಿಡಲು ಬಿಟ್ಟರು.
ಬೆಲಸಿತ್ಸಾದ ಬಂಡೆ, ಬಂಡೆಯ ಬಿರುಕು,
ಬಿರುಕಿನ ಹಿಮ ನನ್ನ ರೆಪ್ಪೆಗೆ ತಾಗಿ ನಿಂತವು.
ಇಷ್ಟು ವರ್ಷ ನುಣ್ಣಗಿತ್ತು; ಇನ್ನಿರಲಾರದು.
ನೀರಲ್ಲಿ ಸತ್ತು ನಿಂತ ಮರದ ಮೇಲೆ
ನೀರುಕಾಗೆಯೊಂದು ಆಕಳಿಸಿತು.
ಅದರ ಬಾಯೊಳಗಿನ ಬಣ್ಣ ತಿಳಿಯಲು
ನನಗೆ ಅರವತ್ತೆಂಟು ತುಂಬಬೇಕಾಯಿತು.

ಆಮೇಲೆ ಬಕೆಟ್ಟಿನ ಮುಚ್ಚಳ ತೆಗೆದೆ.
ಹೆಜ್ಜಾರ್ಲೆಗಳಿಗೆ ಆ ಸದ್ದು ಗೊತ್ತು,
ನಮ್ಮ ಪಾದ್ರಿಗೆ ಗಂಟೆಯ ಸದ್ದು ಗೊತ್ತಿರುವುದಕ್ಕಿಂತ ಚೆನ್ನಾಗಿ.
ಮಂಜಿನೊಳಗಿಂದ ಒಂದೊಂದೇ ಬಂದವು:
ಗುಂಗುರು ತಲೆ, ರುಜು ಹಾಕಲು ಬಂದ ನೋಟರಿಯ ಗತ್ತು,
ಕೊಕ್ಕಿನಡಿ ಈ ಚಳಿಗೆ ಮಾತ್ರ ಕೆಂಪೇರುವ ಚೀಲ.
ಶಟರುಗಳು ಬಾಣಲೆಯ ಸಾಸಿವೆಯಂತೆ ಸಿಡಿದವು.
ಹಕ್ಕಿ ಹತ್ತಿರ ಬಂತು. ಇನ್ನೂ ಹತ್ತಿರ.
ದೋಣಿಯ ಅಂಚಿಗೆ ಕೊಕ್ಕು ಊರಿ ನಿಂತಿತು.

ದಂತವೈದ್ಯರು ಹಿಂದೆ ಸರಿದರು. ಇನ್ನೂ ಸರಿದರು.
ದೋಣಿ ಅಲ್ಲಿಗೆ ಮುಗಿದಿತ್ತು.
ಆ ಬಿಳಿ ಲೆನ್ಸಿಗೆ ನಾಲ್ಕು ಮೀಟರಿನ ಒಳಗಿನದು
ಕಾಣುವುದೇ ಇಲ್ಲವಂತೆ.
ಅವರೇ ಹೇಳಿದರು, ಹಲ್ಲು ಕೀಳಿಸಿಕೊಂಡವರ ದನಿಯಲ್ಲಿ.
ಎವಾಂಥಿಯಾ ಕಿರ್ ಅಂತ ತನ್ನದನ್ನು ಗಿಡ್ಡ ಮಾಡಿ
ಒಂದೇ ಸಲ ಒತ್ತಿದಳು.

ಚಿತ್ರ ಅಂಥ ಚೂಪೇನಲ್ಲ.
ಬೂಷ್ಟಿನ ನಕ್ಷತ್ರ ಕೊಕ್ಕಿನ ಮೇಲೆ ಕೂತಿದೆ.
ಚೀಲದಿಂದ ನೀರು ಸೋರುತ್ತಿದೆ,
ಸೋರುವ ನೀರಿನ ಹಿಂದೆ, ಬಲೆ ಕೊಯ್ದ ಗೆರೆಯ ಸಮೇತ,
ನನ್ನ ಹೆಬ್ಬೆರಳು.

ರಾತ್ರಿ ಪಾರ್ಥೇನಾಗೆ ಇದನ್ನೆಲ್ಲ ಹೇಳಿದೆ.
ಹೋದ ವರ್ಷ ಅವಳ ಕಣ್ಣಿನ ಪೊರೆ ತೆಗೆಸಿದಾಗ
ಆಸ್ಪತ್ರೆಯಲ್ಲೂ ಲೆನ್ಸಿಗೆ ಮೂರು ದರ ಇತ್ತು;
ನಾವು ಕೆಳಗಿನದಕ್ಕೆ ಹೂಂ ಅಂದೆವು.
ಈಗ ಅವಳು ಆಚೆ ದಡದ ಎಮ್ಮೆಗಳ ಕೊಂಬು ಎಣಿಸುತ್ತಾಳೆ,
ತಟ್ಟೆಯ ಮೀನಿನ ಮುಳ್ಳು ಕಾಣದು.
ಮುಳ್ಳು ಬಿಡಿಸುವುದು ನನ್ನ ಪಾಲಿನ ಕೆಲಸ.

"ನಿನ್ನ ಮುಖವೂ ಅಷ್ಟೇ ಅನೆಸ್ತಿ," ಅಂದಳು,
"ಮೇಜಿನಾಚೆ ಕೂತರೆ ಬರೀ ಮಂಜು.
ದಡದ ಕಟ್ಟೆ ಮೇಲೆ ಹೋಗಿ ನಿಲ್ಲು,
ಎಷ್ಟು ಚೆನ್ನಾಗಿ ಕಾಣುತ್ತೀ!"

ಬೆಳಿಗ್ಗೆ ಹಗ್ಗ ಬಿಚ್ಚುವ ಮುನ್ನ ತಿರುಗಿ ನೋಡಿದೆ.
ಮುನ್ನೂರು ಹೆಜ್ಜೆ ಆಚೆ
ಅಡಿಗೆಮನೆಯ ಕಿಟಕಿ ಒಂದು ಹಳದಿ ಚುಕ್ಕೆ.
ಅವಳು ಅಲ್ಲಿದ್ದಾಳೋ ಇಲ್ಲವೋ, ನನಗೆ ತಿಳಿಯದು.
ಕೋಟಿನ ಮೇಲಿನ ಗುಂಡಿ ಹಾಕಿಕೊಂಡೆ.